ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು. 1799ರಲ್ಲಿ ಪಟ್ಟಕ್ಕೆ ಬಂದ ಇವರು 1831ರಲ್ಲಿ ಆಡಳಿತಾಧಿಕಾರವನ್ನು ಕಳೆದುಕೊಂಡರು. ಆ ಬಳಿಕ ಜೀವಿತದ ಕೊನೆಯವರೆಗೂ ಹೆಸರಿಗೆ ಮಾತ್ರ ಮಹಾರಾಜರಾಗಿದ್ದರು. ಸಾಹಿತ್ಯ, ಸಂಗೀತ ಮತ್ತು ಚಿತ್ರಕಲೆಗೆ ನೀಡಿದ ಆಶ್ರಯದಿಂದಾಗಿ ‘ಅಭಿನವ ಭೋಜ’ ಎಂಬ ಬಿರುದಿನಿಂದ ಪ್ರಸಿದ್ಧರಾಗಿದ್ದಾರೆ. ಚದುರಂಗ, ಪಗಡೆ ಮತ್ತು ಗಂಜೀಫಾ ಆಟಗಳನ್ನು ವಿಸ್ತರಿಸಿ, ಪುರಾಣದ ದೇವತೆಗಳನ್ನೂ ವೀರರನ್ನೂ ಒಳಗೊಂಡ ಹೊಸ ಆಟಗಳನ್ನು ರೂಪಿಸಿದವರೆಂದು ಆಟಗಳ ಇತಿಹಾಸದಲ್ಲಿಯೂ ಇವರಿಗೆ ವಿಶಿಷ್ಟ ಸ್ಥಾನವಿದೆ.

ಜನನ ಮತ್ತು ಬಾಲ್ಯ

ಕೃಷ್ಣರಾಜರು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. ಆಗ ರಾಜ್ಯದ ಅಧಿಕಾರವು ಟಿಪ್ಪು ಸುಲ್ತಾನನ ಕೈಯಲ್ಲಿದ್ದು, ಒಡೆಯರ್ ಮನೆತನವು ಶ್ರೀರಂಗಪಟ್ಟಣದ ಕೋಟೆಯೊಳಗೆ ಅಧಿಕಾರವಿಲ್ಲದೆ ಬಾಳುತ್ತಿತ್ತು. 1796ರಲ್ಲಿ ತಂದೆ ತೀರಿಕೊಂಡ ಮೇಲೆ ಟಿಪ್ಪು ಮತ್ತೊಬ್ಬ ಅರಸನಿಗೆ ಪಟ್ಟ ಕಟ್ಟಲಿಲ್ಲ. ರಾಜಪರಿವಾರವನ್ನು ಅರಮನೆಯಿಂದ ಹೊರಗೆ ಕಳುಹಿಸಲಾಯಿತು. ಎರಡು ವರ್ಷದ ಬಾಲಕನ ಪಾಲನೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ಲಕ್ಷ್ಮಮ್ಮಣ್ಣಿಯವರು ಮುಖ್ಯ ಪಾತ್ರ ವಹಿಸಿದರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾಯಿತು. ಟಿಪ್ಪು ಯುದ್ಧದಲ್ಲಿ ಮಡಿದನು. ಅದೇ ವರ್ಷದ ಜೂನ್ 30ರಂದು ಮೈಸೂರಿನಲ್ಲಿ ಕೃಷ್ಣರಾಜರಿಗೆ ಪಟ್ಟಾಭಿಷೇಕವಾಯಿತು. ಆಗ ಅವರಿಗೆ ಐದು ವರ್ಷವೂ ತುಂಬಿರಲಿಲ್ಲ. ರಾಜಧಾನಿಯು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸ್ಥಳಾಂತರಗೊಂಡಿತು. ಬ್ರಿಟಿಷರೊಡನೆ ಆದ ಒಪ್ಪಂದದಂತೆ ಸಂಸ್ಥಾನವು ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕಾಗಿತ್ತು.

ಆಳ್ವಿಕೆ ಮತ್ತು ಅಧಿಕಾರಚ್ಯುತಿ

ಅರಸರು ಪ್ರಾಪ್ತವಯಸ್ಕರಾಗುವವರೆಗೆ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. 1811ರಲ್ಲಿ ಪೂರ್ಣಯ್ಯನವರು ನಿವೃತ್ತರಾಗಿ ಶ್ರೀರಂಗಪಟ್ಟಣಕ್ಕೆ ತೆರಳಿದರು. ಮರುವರ್ಷ ಅಲ್ಲಿಯೇ ನಿಧನರಾದರು. ಕೃಷ್ಣರಾಜರ ಸ್ವತಂತ್ರ ಆಳ್ವಿಕೆ ಸುಮಾರು ಇಪ್ಪತ್ತು ವರ್ಷ ನಡೆಯಿತು. ಈ ಅವಧಿಯಲ್ಲಿ ಚಾಮುಂಡಿ ಬೆಟ್ಟದ ದೇವಾಲಯದ ಜೀರ್ಣೋದ್ಧಾರ ನಡೆಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ಇವರು ಅರ್ಪಿಸಿದ ರತ್ನಖಚಿತ ಕಿರೀಟವು ‘ಕೃಷ್ಣರಾಜಮುಡಿ’ ಎಂದೇ ಹೆಸರಾಗಿದೆ.

1830ರಲ್ಲಿ ನಗರ ಪ್ರಾಂತದಲ್ಲಿ ರೈತರ ದಂಗೆ ಎದ್ದಿತು. ದುರಾಡಳಿತವನ್ನು ಕಾರಣವಾಗಿ ಮುಂದಿಟ್ಟು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಈ ಕ್ರಮದ ಔಚಿತ್ಯದ ಬಗ್ಗೆ ಮುಂದೆ ಅವನೇ ಸಂದೇಹ ಪಟ್ಟನಾದರೂ ನಿರ್ಧಾರ ಬದಲಾಗಲಿಲ್ಲ. ಅರಸರಿಗೆ ವರ್ಷಕ್ಕೆ 1 ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೆಯ ಒಂದು ಭಾಗ ಸಲ್ಲುತ್ತಿತ್ತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಅನಂತರ ಎಲ್. ಬಿ. ಬೌರಿಂಗ್ ಕಮಿಷನರ್ ಆಗಿ ರಾಜ್ಯವನ್ನಾಳಿದರು. ಕಮಿಷನರ್ ಆಡಳಿತವು ಬೆಂಗಳೂರಿನಿಂದ ನಡೆಯಿತು. ಮೈಸೂರಿನ ಅರಮನೆಯು ವಿದ್ವಾಂಸರು, ಗಾಯಕರು ಮತ್ತು ಚಿತ್ರಕಾರರ ಆಶ್ರಯಸ್ಥಾನವಾಗಿ ಉಳಿಯಿತು.

ಸಾಹಿತ್ಯ ಮತ್ತು ಕಲೆ

ಕೃಷ್ಣರಾಜರ ಹೆಸರಿನಲ್ಲಿ ಕನ್ನಡ ಮತ್ತು ಸಂಸ್ಕೃತಗಳಲ್ಲಿ ಹಲವು ಗ್ರಂಥಗಳಿವೆ. ಇವುಗಳಲ್ಲಿ ಎಷ್ಟನ್ನು ಅರಸರೇ ಬರೆದರು, ಎಷ್ಟು ಆಸ್ಥಾನ ವಿದ್ವಾಂಸರ ನೆರವಿನಿಂದ ಸಿದ್ಧವಾದವು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ‘ಮುದ್ರಾಮಂಜೂಷ’ವನ್ನು ಬರೆದ ಕೆಂಪುನಾರಾಯಣ ಮತ್ತು ಅಳಿಯ ಲಿಂಗರಾಜ ಇವರ ಕಾಲದ ಪ್ರಮುಖ ಲೇಖಕರು.

ಇವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯು ಚಿತ್ರಸಹಿತವಾದ ಬೃಹತ್ ಕೋಶ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಅದು ವಿಂಗಡಣೆಗೊಂಡಿದೆ. ದೇವತೆಗಳ ರೂಪ, ಬಣ್ಣ, ಆಯುಧ ಮತ್ತು ವಾಹನಗಳ ವಿವರಗಳನ್ನು ಇದು ಕ್ರಮಬದ್ಧವಾಗಿ ನೀಡುತ್ತದೆ. ಕೊನೆಯದಾದ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳೂ ಅನೇಕ ಆಟಗಳ ವಿವರಗಳೂ ಇವೆ.

ಆಟಗಳ ರಚನೆ

ಕೃಷ್ಣರಾಜರ ಆಟಗಳು ಬಹುಮಟ್ಟಿಗೆ ಬಳಕೆಯಲ್ಲಿದ್ದ ಆಟಗಳ ವಿಸ್ತರಣೆಗಳು. ಮೂಲ ಆಟದ ನಡೆಯನ್ನು ಉಳಿಸಿಕೊಂಡು ಮನೆಗಳು, ಕಾಯಿಗಳು ಅಥವಾ ಎಲೆಗಳ ಸಂಖ್ಯೆಯನ್ನು ಹೆಚ್ಚಿಸಿ, ಅವಕ್ಕೆ ದೇವತೆ, ಗ್ರಹ ಮತ್ತು ಪುರಾಣಪುರುಷರ ಹೆಸರುಗಳನ್ನು ನೀಡುವುದು ಅವುಗಳ ಸಾಮಾನ್ಯ ಲಕ್ಷಣ.

ಗಂಜೀಫಾ: ಇದು ಕೈಯಿಂದ ಚಿತ್ರಿಸಿದ ಎಲೆಗಳಿಂದ ಆಡುವ ಆಟ, ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಮೊಗಲ್ ಗಂಜೀಫಾದಲ್ಲಿ 8 ವರ್ಗಗಳ 96 ಎಲೆಗಳೂ ದಶಾವತಾರ ಗಂಜೀಫಾದಲ್ಲಿ 10 ವರ್ಗಗಳ 120 ಎಲೆಗಳೂ ಇರುತ್ತವೆ. ಎರಡರಲ್ಲಿಯೂ ಪ್ರತಿ ವರ್ಗಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಸಂಖ್ಯೆಯ ಎಲೆಗಳಿವೆ. ಕೌತುಕನಿಧಿಯು ಇದಕ್ಕಿಂತ ಬಹುದೂರ ಸಾಗಿ, 36ರಿಂದ 360 ಎಲೆಗಳವರೆಗಿನ 13 ಬಗೆಯ ಆಟಗಳನ್ನು ವಿವರಿಸುತ್ತದೆ. ಇವನ್ನು ‘ಛದ’ ಎಂದು ಕರೆಯಲಾಗಿದೆ. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಮತ್ತು ದಿಕ್ಪಾಲ ಛದ ಇವುಗಳಲ್ಲಿ ಕೆಲವು. ರಾಜ ಮತ್ತು ಮಂತ್ರಿಯ ಜೊತೆಗೆ ಇನ್ನೂ ಹಲವು ಚಿತ್ರಗಳ ಎಲೆಗಳನ್ನು ಸೇರಿಸಿರುವುದು ಮೈಸೂರು ಗಂಜೀಫಾದ ವಿಶೇಷ.

ಚದುರಂಗ: 64 ಮನೆಗಳ ಹಾಸಿನ ಜೊತೆಗೆ ಹೆಚ್ಚಿನ ಮನೆಗಳುಳ್ಳ ಹಾಸುಗಳ ಮೇಲೂ ಕೃಷ್ಣರಾಜರು ಕೆಲಸ ಮಾಡಿದರು. ಕುದುರೆಯ ನಡೆಯ ಸಮಸ್ಯೆಯಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಕುದುರೆಯು ಹಾಸಿನ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಸಾಗಬೇಕೆಂಬುದೇ ಈ ಸಮಸ್ಯೆ. ರುದ್ರಟನ ‘ಕಾವ್ಯಾಲಂಕಾರ’ ಮತ್ತು ವೇದಾಂತದೇಶಿಕರ ‘ಪಾದುಕಾಸಹಸ್ರ’ಗಳಲ್ಲಿ ಇದು ಚಿತ್ರಬಂಧದ ರೂಪದಲ್ಲಿದೆ. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲಿನ ಮತ್ತು ಕಂಬಸಾಲಿನ ಮೊತ್ತವು 260 ಬಂದರೆ ಅದು ಮಾಯಾಚೌಕವೂ ಆಗುತ್ತದೆ. ಇಂತಹ ಕಠಿಣ ಬಂಧಗಳ ರಚನೆಯ ಇತಿಹಾಸದಲ್ಲಿ ಮೈಸೂರು ಅರಸರ ಹೆಸರು ಸೇರಿದೆ. ರೇಷ್ಮೆ ಬಟ್ಟೆಯ ಮೇಲೆ ಬಣ್ಣಗಳಲ್ಲಿ ಮುದ್ರಿಸಿದ ಇವರ ಬಂಧಗಳು ಯೂರೋಪಿನ ಚದುರಂಗ ಇತಿಹಾಸಕಾರರ ಗಮನವನ್ನೂ ಸೆಳೆದವು.

ಪಗಡೆಯ ಮಾದರಿಯ ಆಟಗಳು: ಇವುಗಳಲ್ಲಿ ‘ದೇವೀಸಾಯುಜ್ಯ’ವು ಪ್ರಸಿದ್ಧ. ಹಾಸಿನ ಮೇಲೆ ಕಾಯಿಗಳನ್ನು ನಡೆಸಿ, ಕೊನೆಗೆ ನಡುವಿನಲ್ಲಿರುವ ದೇವಿಯ ಸನ್ನಿಧಿಯನ್ನು ಸೇರುವುದು ಇದರ ಗುರಿ. ಸಾಯುಜ್ಯವೆಂದರೆ ದೇವರಲ್ಲಿ ಒಂದಾಗುವುದು. ಪರಮಪದ ಸೋಪಾನ ಆಟದಂತೆ ಇಲ್ಲಿಯೂ ಗೆಲುವೆಂದರೆ ಮುಕ್ತಿ. ಚಾಮುಂಡೇಶ್ವರಿಯು ಅರಸರ ಕುಲದೇವತೆಯಾಗಿದ್ದುದರಿಂದ ಈ ಆಟವು ಅವರ ಭಕ್ತಿಯ ಅಭಿವ್ಯಕ್ತಿಯೂ ಆಗಿದೆ.

1861ರಲ್ಲಿ ನಿರ್ಮಾಣವಾದ ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಇವರ ಆಟಗಳ ಹಾಸುಗಳನ್ನು ಚಿತ್ರಿಸಲಾಗಿದೆ.

ಅಭಿಪ್ರಾಯಗಳು

ಈ ಆಟಗಳನ್ನು ಕುರಿತು ಎರಡು ಬಗೆಯ ನಿಲುವುಗಳು ಸಾಧ್ಯ. ಮೊದಲನೆಯದರಂತೆ ಇವು ಅಧಿಕಾರವಿಲ್ಲದ ಅರಸರ ಕಾಲಕ್ಷೇಪ. ದಶಾವತಾರದ 120 ಎಲೆಗಳಲ್ಲಿಯೇ ಬಿದ್ದ ಎಲೆಗಳನ್ನು ನೆನಪಿಡುವುದು ಕಷ್ಟ. 360 ಎಲೆಗಳ ಕಟ್ಟನ್ನು ಆಡುವುದಂತೂ ಸಾಮಾನ್ಯರಿಗೆ ಸಾಧ್ಯವಿಲ್ಲ. ದಶಾವತಾರ ಗಂಜೀಫಾ ಹಲವು ಊರುಗಳಲ್ಲಿ ಬಳಕೆಯಲ್ಲಿದ್ದರೆ, ದೊಡ್ಡ ಛದಗಳು ಅರಮನೆಯ ಆಚೆಗೆ ಹೆಚ್ಚಾಗಿ ಹರಡಲಿಲ್ಲ.

ಎರಡನೆಯ ನಿಲುವಿನಂತೆ ಇವುಗಳನ್ನು ಶ್ರೀತತ್ತ್ವನಿಧಿಯ ಭಾಗವಾಗಿಯೇ ನೋಡಬೇಕು. ದೇವತೆಗಳ ಲಕ್ಷಣಗಳನ್ನು ಗ್ರಂಥವು ಓದುಗನಿಗೆ ತಿಳಿಸಿದರೆ, ಆಟವು ಅವನ್ನು ಆಟಗಾರನ ಕೈಗೇ ನೀಡುತ್ತದೆ. ಎಲೆಯನ್ನು ಗುರುತಿಸಬೇಕಾದರೆ ಆಯುಧ, ವಾಹನ ಮತ್ತು ಬಣ್ಣಗಳ ಪರಿಚಯವಿರಬೇಕು. ಈ ದೃಷ್ಟಿಯಿಂದ ದೊಡ್ಡ ಕಟ್ಟುಗಳ ಬೆಲೆ ಆಟದ ಸುಲಭತೆಯಲ್ಲಿಲ್ಲ, ಅವು ಒಳಗೊಂಡಿರುವ ಲೋಕದ ವಿಸ್ತಾರದಲ್ಲಿದೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸ ಪಾತ್ರ, ನಿಯಮ ಮತ್ತು ಸಾಹಸಗಳನ್ನು ಸೇರಿಸುವ ಪೂರಕ ಪುಸ್ತಕಗಳು ಬಂದವು. ಪೂರಕವೊಂದು ಆಟವನ್ನು ಬೆಳೆಸುತ್ತದೆಯೇ ಅಥವಾ ಬರಿಯ ಗಾತ್ರವನ್ನು ಹೆಚ್ಚಿಸುತ್ತದೆಯೇ ಎಂಬ ಚರ್ಚೆ ಅಲ್ಲಿಯೂ ಸಾಮಾನ್ಯ. ಕೃಷ್ಣರಾಜರ ಆಟಗಳಲ್ಲಿ ಆಟಗಾರನು ಪಾತ್ರವಾಗಿ ಮಾತನಾಡುವುದಿಲ್ಲ. ಆದ್ದರಿಂದ ಅವು ಆ ವರ್ಗಕ್ಕೆ ಸೇರುವುದಿಲ್ಲ. ಆದರೆ ಮೂಲ ಆಟಕ್ಕೆ ಪುರಾಣಲೋಕವನ್ನು ಕೂಡಿಸುವ ಅವರ ವಿಧಾನವನ್ನು ಪೂರಕಗಳ ರಚನೆಗೆ ಹೋಲಿಸಬಹುದು.

ದತ್ತು ಸ್ವೀಕಾರ ಮತ್ತು ನಿಧನ

ಕೃಷ್ಣರಾಜರು ರಾಜ್ಯವನ್ನು ಹಿಂದಿರುಗಿಸುವಂತೆ ಬ್ರಿಟಿಷ್ ಸರ್ಕಾರಕ್ಕೆ ಹಲವು ಬಾರಿ ಮನವಿ ಸಲ್ಲಿಸಿದರು. ಅವರಿಗೆ ಉತ್ತರಾಧಿಕಾರಿಯಾಗಲು ಔರಸ ಪುತ್ರರಿರಲಿಲ್ಲ. ಅವರ ನಂತರ ಸಂಸ್ಥಾನವೇ ಬ್ರಿಟಿಷ್ ಭಾರತದಲ್ಲಿ ವಿಲೀನವಾಗುವ ಸಂಭವವಿತ್ತು. 1865ರ ಜೂನ್‌ನಲ್ಲಿ, ಸರ್ಕಾರದ ಒಪ್ಪಿಗೆ ಇಲ್ಲದಿದ್ದರೂ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಬ್ರಿಟಿಷ್ ಸರ್ಕಾರವು ಈ ದತ್ತುವನ್ನು ಮಾನ್ಯಮಾಡಿತು. ಮರುವರ್ಷ ಮಾರ್ಚ್ 27ರಂದು ಕೃಷ್ಣರಾಜರು ಮೈಸೂರಿನಲ್ಲಿ ನಿಧನರಾದರು. 1881ರ ಮಾರ್ಚ್ 25ರಂದು ಆಡಳಿತವು ಚಾಮರಾಜೇಂದ್ರ ಒಡೆಯರಿಗೆ ಮರಳಿತು.

ನಂತರದ ಮನ್ನಣೆ

ಅಚ್ಚಿನ ಇಸ್ಪೀಟು ಎಲೆಗಳು ಬಂದ ಮೇಲೆ ಗಂಜೀಫಾ ಆಟವು ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಗಂಜೀಫಾ ರಘುಪತಿ ಭಟ್ಟರು ಮೈಸೂರು ಶೈಲಿಯ ಎಲೆಗಳ ಚಿತ್ರಕಲೆಗೆ ಮರುಜೀವ ನೀಡಿದರು. ಕೃಷ್ಣರಾಜರ ಜನ್ಮಸ್ಥಳವಾದ ಶ್ರೀರಂಗಪಟ್ಟಣವು ಅವರ ಕಾರ್ಯಕ್ಷೇತ್ರವಾಯಿತು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಹಾಸು ಮತ್ತು ಕಾಯಿಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿದೆ. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ.