ಕೆಣಕದೆ ಫೋಟೊ ತೆಗೆದವರು: ಸಂಡೂರಿನಲ್ಲಿ ಕಾಡು ಕಲಿತ ಎಂ. ಕೃಷ್ಣನ್

ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲೋ ಬಿಳಿಗಿರಿರಂಗನ ಬೆಟ್ಟದ ತಿರುವಿನಲ್ಲೋ ಆನೆ ಕಂಡರೆ ಈಗ ಮೊದಲು ಆಚೆ ಬರೋದು ಮೊಬೈಲು. ಬೈಕು ನಿಲ್ಲಿಸೋರು, ಹಾರ್ನ್ ಹೊಡೆಯೋರು, ಆನೆ ಇತ್ತ ತಿರುಗಲಿ ಅಂತ ಕೂಗು ಹಾಕೋರು, ಅದಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯೋರು ಎಲ್ಲರೂ ಸಿಗ್ತಾರೆ. ಸಂಜೆ ಹೊತ್ತಿಗೆ ಆ ಫೋಟೊಗೆ ಬಣ್ಣ ಏರಿ, ಹಿಂದಿದ್ದ ಲಾರಿ ಅಳಿಸಿಹೋಗಿ, ಊರ ಗ್ರೂಪುಗಳಲ್ಲೆಲ್ಲ ಓಡಾಡುತ್ತಿರುತ್ತದೆ. ಯಾವುದೋ ರಾಜ್ಯದ ಚಿರತೆ ನಮ್ಮೂರ ಕಬ್ಬಿನ ಗದ್ದೆಗೆ ಬಂದಿದೆ ಅಂತ ಸುದ್ದಿಯಾಗೋದೂ ಹೀಗೇ. ಕಂಪ್ಯೂಟರೇ ಹುಟ್ಟಿಸಿದ ಹುಲಿಗಳೂ ಈಗ ಬರತೊಡಗಿವೆ.

ಹೀಗಿರುವಾಗ ಕಾಡುಪ್ರಾಣಿಗಳ ಫೋಟೊ ತೆಗೆಯೋದನ್ನೇ ಬದುಕು ಮಾಡಿಕೊಂಡಿದ್ದ ಒಬ್ಬರ ಕತೆಯನ್ನು ನಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು. ಅವರು ಎಂ. ಕೃಷ್ಣನ್. ತೀರಿಕೊಂಡು 30 ವರ್ಷದ ಹತ್ತಿರ ಹತ್ತಿರ ಆಯಿತು. ಹುಟ್ಟಿದ್ದು ತಮಿಳುನಾಡಿನಲ್ಲಿ, ಹೆಸರು ಮಾಡಿದ್ದು ಇಂಗ್ಲಿಷ್ ಬರಹದಲ್ಲಿ. ಆದರೆ ಕಾಡು ನೋಡುವ ಕಣ್ಣು ಬಲಿತದ್ದು ನಮ್ಮ ಕರ್ನಾಟಕದ ಸಂಡೂರಿನಲ್ಲಿ.

1912ರ ಜೂನ್ 30ರಂದು ತಿರುನೆಲ್ವೇಲಿಯಲ್ಲಿ ಹುಟ್ಟಿದರು. ಹೆಸರಿನ ಮುಂದಿರುವ ‘ಎಂ’ ಅಂದರೆ ಮಾಧವಯ್ಯ. ಅಪ್ಪ ಎ. ಮಾಧವಯ್ಯ ತಮಿಳಿನ ಮೊದಲ ಸಾಲಿನ ಕಾದಂಬರಿಕಾರರಲ್ಲಿ ಒಬ್ಬರು, ಸಮಾಜ ಸುಧಾರಣೆಯ ಮಾತಾಡಿದವರು. ಅವರು 1925ರಲ್ಲಿ ತೀರಿಕೊಂಡಾಗ ಹುಡುಗನಿಗೆ 13 ವರ್ಷ. ಮನೆ ಮದ್ರಾಸಿನ ಮೈಲಾಪುರದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಅಲ್ಲಿ ಪಾಠ ಹೇಳಿದ ಪಿ.ಎಫ್. ಫೈಸನ್ ದಕ್ಷಿಣದ ಬೆಟ್ಟಗಳ ಗಿಡಮರಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು. ಆ ದಂಪತಿ ಜೊತೆ ನೀಲಗಿರಿ, ಕೊಡೈಕೆನಾಲ್ ಸುತ್ತಿ ಗಿಡ ಗುರುತಿಸೋದನ್ನು ಕಲಿತರು, ಫೈಸನ್‌ರ ಹೆಂಡತಿಯಿಂದ ಜಲವರ್ಣದ ಕೈಚಳಕವನ್ನೂ ಪಡೆದರು. ಆಮೇಲೆ ಲಾ ಓದಿದ್ದೂ ಆಯಿತು. ಕೆಲಸ ಮಾತ್ರ ಗಟ್ಟಿಯಾಗಿ ಎಲ್ಲೂ ನಿಲ್ಲಲಿಲ್ಲ.

1942ರಲ್ಲಿ ಸಂಡೂರು ಸಂಸ್ಥಾನದಿಂದ ಕರೆ ಬಂತು. ಹೆಂಡತಿ ಇಂದುಮತಿಯವರ ಆರೋಗ್ಯಕ್ಕೆ ಒಣಹವೆ ಒಳ್ಳೇದು ಅನ್ನೋದೂ ಅಲ್ಲಿಗೆ ಹೋಗಲು ಒಂದು ಕಾರಣ. ಘೋರ್ಪಡೆ ಮನೆತನದ ಆ ಸಣ್ಣ ಸಂಸ್ಥಾನದಲ್ಲಿ ಅವರು ಮಾಡದ ಕೆಲಸ ಇಲ್ಲ ಅನ್ನಬಹುದು. ಮೇಷ್ಟ್ರು, ಜಡ್ಜು, ಪ್ರಚಾರಾಧಿಕಾರಿ, ಮಹಾರಾಜರ ರಾಜಕೀಯ ಕಾರ್ಯದರ್ಶಿ ಎಲ್ಲ ಆದರು. ಮಧ್ಯೆ ಕುರಿ ಮೇಯಿಸಿದರು. ಪಾರಿವಾಳ ಸಾಕಿ, ಅವುಗಳ ಕೈಲಿ ಟಪಾಲು ಕಳಿಸೋ ವ್ಯವಸ್ಥೆ ಮಾಡಬಹುದಾ ಅಂತಲೂ ನೋಡಿದರು. ಜಡ್ಜ್ ಸಾಹೇಬರು ಕುರಿ ಹಿಂದೆ ಹೋಗೋದನ್ನು ನೋಡಿ ಸಂಡೂರಿನ ಜನ ಏನಂದುಕೊಂಡರೋ.

ಆದರೆ ಕುರಿ ಹಿಂದೆ ಹೋಗುವವನಿಗೆ ಕಾಣೋದು ಕುದುರೆ ಮೇಲಿನವನಿಗೆ ಕಾಣಲ್ಲ. ಯಾವ ಹೊತ್ತಲ್ಲಿ ಯಾವ ಪ್ರಾಣಿ ನೀರಿಗೆ ಇಳಿಯುತ್ತೆ, ಗಾಳಿ ಎತ್ತಲಿಂದ ಬೀಸಿದರೆ ಅದಕ್ಕೆ ನಮ್ಮ ವಾಸನೆ ಹತ್ತುತ್ತೆ, ಯಾವ ಪೊದೆ ಹಿಂದೆ ಅಲುಗಾಡದೆ ಕೂರಬೇಕು, ಇದೆಲ್ಲ ನಮ್ಮ ಕಡೆ ದನ ಕಾಯೋರಿಗೆ, ಸೋಲಿಗರಿಗೆ ಹೇಳಿಕೊಡಬೇಕಾಗಿಲ್ಲ. ಪೇಟೆಯಲ್ಲಿ ಬೆಳೆದು ಲಾ ಓದಿದ ಕೃಷ್ಣನ್ ಅದನ್ನು ಸಂಡೂರಿನ ಗುಡ್ಡಗಳಲ್ಲಿ ಏಳೆಂಟು ವರ್ಷ ಅಲೆದು ಕಲಿತರು. ಕ್ಯಾಮೆರಾ ವಿದ್ಯೆ ಯಾರಾದರೂ ಆರು ತಿಂಗಳಲ್ಲಿ ಕಲಿತಾರು. ಈ ವಿದ್ಯೆಗೆ ಅಷ್ಟು ವರ್ಷ ಬೇಕು.

ಇಲ್ಲಿ ನಮಗೂ ಅವರಿಗೂ ಒಂದು ನಂಟಿದೆ. 1949ರಲ್ಲಿ ಸಂಡೂರು ಸಂಸ್ಥಾನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1953ರಲ್ಲಿ ಬಳ್ಳಾರಿ ಸೀಮೆಯ ಜೊತೆ ಮೈಸೂರಿಗೆ ಬಂತು. ನಮ್ಮ ಕೊಳ್ಳೇಗಾಲವೂ (ಹನೂರು ಆಗ ಇದರೊಳಗೇ ಇತ್ತು) 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಯಳಂದೂರು ಮಾತ್ರ ಮೊದಲಿಂದಲೂ ಮೈಸೂರಿನದು. ಅಂದರೆ ಒಂದೇ ಬೆಟ್ಟಸಾಲಿನ ಆನೆಗೆ ಆ ಕಡೆ ಮದ್ರಾಸಿನ ಕಾನೂನು, ಈ ಕಡೆ ಮೈಸೂರಿನ ಕಾನೂನು. ಆನೆಗೆ ಅದೆಲ್ಲ ಎಲ್ಲಿ ಗೊತ್ತು?

ಸಂಸ್ಥಾನ ಹೋದ ಮೇಲೆ ಕೃಷ್ಣನ್ ಮದ್ರಾಸಿಗೆ ವಾಪಸಾದರು. ಮತ್ತೆ ಸಂಬಳದ ಕೆಲಸಕ್ಕೆ ಸೇರಲಿಲ್ಲ. ಬರೆದದ್ದು, ಬಿಡಿಸಿದ್ದು, ಫೋಟೊ ತೆಗೆದದ್ದು ಇವೇ ಅನ್ನಕ್ಕೆ ದಾರಿ. 1950ರಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಪ್ರಕೃತಿಯ ಬಗ್ಗೆ ಅಂಕಣ ಶುರು ಮಾಡಿದರು. ಅದು 46 ವರ್ಷ ನಡೆಯಿತು. ಅಂಗಡಿ ಇಟ್ಟವರಿಗೆ ಗೊತ್ತು, ಒಂದೇ ಬಾಗಿಲನ್ನು 46 ವರ್ಷ ತಪ್ಪದೆ ತೆಗೆಯೋದು ಅಂದರೆ ಏನು ಅಂತ.

ಇನ್ನು ಅವರ ಕ್ಯಾಮೆರಾ. ಒಂದು ಕಂಪನಿಯ ಡಬ್ಬಿ, ಇನ್ನೊಂದು ಕಂಪನಿಯ ಲೆನ್ಸು, ಮಿಕ್ಕಿದ್ದು ಕೈಯಾರೆ ಮಾಡಿಕೊಂಡ ಭಾಗಗಳು. ಈ ಜೋಡಣೆಗೆ ‘ಸೂಪರ್ ಪಾಂಡೆರೋಸಾ’ ಅಂತ ತಮಾಷೆಯ ಹೆಸರಿಟ್ಟಿದ್ದರು. ಈಗಿನಂತೆ ಸೆಕೆಂಡಿಗೆ ಇಪ್ಪತ್ತು ಚಿತ್ರ ಬಾರಿಸೋ ಯಂತ್ರ ಅಲ್ಲ. ಫಿಲ್ಮಿಗೆ ದುಡ್ಡು, ತೊಳೆಯೋದಕ್ಕೆ ದುಡ್ಡು, ಬಂತೋ ಇಲ್ಲವೋ ಅಂತ ತಿಳಿಯೋದು ಊರಿಗೆ ಹೋದ ಮೇಲೆ. ಹಾಗಾಗಿ ಗುಂಡಿ ಒತ್ತುವ ಮೊದಲು ಯೋಚನೆ ಮಾಡಲೇಬೇಕು. ಮುದುಮಲೆಯ ಕಾಡಿನಲ್ಲಿ ಇಲಾಖೆಯ ಸಾಕಾನೆ ಮೇಲೆ ಕೂತು, ಎಷ್ಟೋ ಸಲ ನಡೆದುಕೊಂಡೇ ಹೋಗಿ, ಕಾಡಾನೆ ಹಿಂಡುಗಳನ್ನು ಹತ್ತಿರದಿಂದ ತೆಗೆದರು. ಬಣ್ಣದ ಫಿಲ್ಮು ಬಂದು ಎಲ್ಲರೂ ಅದಕ್ಕೆ ಮರುಳಾದಾಗಲೂ ಅವರು ಕಪ್ಪು–ಬಿಳುಪು ಬಿಡಲಿಲ್ಲ. ಹಠ ಅನ್ನಿ ಬೇಕಾದರೆ. ಹಠದ ಮನುಷ್ಯನೇ.

ಅವರಿಗಿಂತ ಹಿಂದೆ, 1920ರ ದಶಕದಲ್ಲಿ, ಉತ್ತರದ ಕಾಡುಗಳಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಅನ್ನೋ ಅರಣ್ಯಾಧಿಕಾರಿ ಇನ್ನೊಂದು ದಾರಿ ತೋರಿಸಿದ್ದರು. ಹುಲಿ ಓಡಾಡುವ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟೋದು, ಹುಲಿಯ ಕಾಲು ತಗುಲಿದ ಕೂಡಲೇ ಫ್ಲಾಷ್ ಹೊತ್ತಿ ಅದರ ಫೋಟೊ ಅದೇ ತೆಗೆದುಕೊಳ್ಳೋದು. ನಮ್ಮ ಬಿಆರ್‌ಟಿ, ಮಲೆ ಮಹದೇಶ್ವರ, ಕಾವೇರಿ ಕಾಡುಗಳ ಮರಗಳಿಗೆ ಕಟ್ಟಿರುವ ಕ್ಯಾಮೆರಾ ಟ್ರ್ಯಾಪ್‌ಗಳು ಆ ತಂತಿಯ ಮೊಮ್ಮಕ್ಕಳು. ದಾರಿಯ ಎರಡೂ ಕಡೆ ಒಂದೊಂದು ಕಟ್ಟುತ್ತಾರೆ, ಯಾಕೆಂದರೆ ಹುಲಿಯ ಎಡಗಡೆಯ ಪಟ್ಟೆ ಬಲಗಡೆಗೆ ಹೊಂದೋದಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕಂತೂ ಇರೋದೇ ಇಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಕೃಷ್ಣನ್ ಹಿಡಿದದ್ದು ಈ ದಾರಿಯನ್ನಲ್ಲ. ಹಗಲು ಬೆಳಕಿನಲ್ಲಿ, ಪ್ರಾಣಿಯ ಎದುರು ತಾವೇ ನಿಂತು, ಅದು ತನ್ನ ಪಾಡಿಗೆ ತಾನಿರುವಾಗ ಸಿಗುವ ಚಿತ್ರ ಅವರಿಗೆ ಬೇಕಿತ್ತು. ಎರಡು ದಾರಿಗೂ ಒಂದು ಸಮಾನ ಗುಣ ಇದೆ: ಫೋಟೊಗೋಸ್ಕರ ಪ್ರಾಣಿ ತನ್ನ ದಾರಿ ಬಿಡಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಗುಜರಾತಿನ ಗಿರ್ ಕಾಡಿನಲ್ಲಿ ದಶಕಗಟ್ಟಲೆ ನಡೆಯಿತು. ನಮ್ಮ ದೇಶದಲ್ಲಿ ಸಿಂಹ ಕಾಡಿನಲ್ಲಿ ಉಳಿದಿರೋದು ಆ ರಾಜ್ಯದಲ್ಲಿ ಮಾತ್ರ. ನೋಡಲು ಬಂದವರಿಗೆ ನಿರಾಸೆ ಆಗಬಾರದು ಅಂತ ಎಮ್ಮೆ ಕರುವನ್ನೋ ಆಡನ್ನೋ ಕಟ್ಟಿ ಸಿಂಹಗಳನ್ನು ಕರೆಸುತ್ತಿದ್ದರು. ‘ಸಿಂಹ ಪ್ರದರ್ಶನ’ ಅಂತಲೇ ಅದಕ್ಕೆ ಹೆಸರು. ಆ ಕಾಲದಲ್ಲಿ ಅಂಥ ಜಾಗದಲ್ಲಿ ತೆಗೆದ ಎಷ್ಟೋ ಚಿತ್ರಗಳಲ್ಲಿ ಸಿಂಹ ಗಂಭೀರವಾಗಿ ಕೂತಿರುತ್ತೆ. ಅದು ನೋಡುತ್ತಿರೋದು ಕಟ್ಟಿಹಾಕಿದ ಕರುವನ್ನ. ಫೋಟೊ ಚೆನ್ನಾಗಿದೆ, ಸರಿ. ಸಿಂಹದ ಬದುಕಿನ ಬಗ್ಗೆ ಅದು ಏನೂ ಹೇಳಲ್ಲ. ಆಮೇಲೆ ಆ ಪ್ರದರ್ಶನ ನಿಂತಿತು.

ಈಗ ಎಡಿಟಿಂಗ್ ವಿಷಯ. ಅದು ಮೊಬೈಲ್ ಜೊತೆ ಹುಟ್ಟಿದ್ದಲ್ಲ. ಪೇಟೆಯ ಹಳೇ ಸ್ಟುಡಿಯೋಗಳಲ್ಲಿ ಮದುವೆ ಹೆಣ್ಣಿನ ಕೆನ್ನೆ ಮೇಲಿನ ಕಲೆಯನ್ನು ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ತೀಡಿ ಮುಚ್ಚುತ್ತಿದ್ದುದನ್ನು ಹಿರಿಯರು ಬಲ್ಲರು. ಕತ್ತಲ ಕೋಣೆ, ಕೆಂಪು ದೀಪ, ಎನ್‌ಲಾರ್ಜರ್, ಟ್ರೇಗಳಲ್ಲಿ ರಾಸಾಯನಿಕ. ಕಾಟಿಯ ಮೈ ಕಡುಕಪ್ಪು, ಅದರ ಹಿಂದಿನ ಆಕಾಶ ಬೆಳ್ಳಗೆ. ಮೈಯ ವಿವರ ಬರಲಿ ಅಂತ ತೆಗೆದರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತೆ. ಆಗ ಪ್ರಿಂಟ್ ಹಾಕುವಾಗ ಕೈ ಅಡ್ಡ ಹಿಡಿದು, ಒಂದು ಭಾಗಕ್ಕೆ ಬೆಳಕು ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬೀಳುವಂತೆ ಮಾಡುತ್ತಿದ್ದರು. ಕಾಗದದ ಅಂಚು ಕತ್ತರಿಸಿ ಪ್ರಾಣಿಯನ್ನು ಎದ್ದು ಕಾಣಿಸುತ್ತಿದ್ದರು. ಇದೆಲ್ಲ ಕಣ್ಣಿಗೆ ಕಂಡದ್ದನ್ನು ಕಾಗದಕ್ಕೆ ತರುವ ಕಸುಬು, ಮೋಸ ಅಲ್ಲ. ಇಲ್ಲದ ಕೊಂಬು ಅಂಟಿಸೋದು, ಇದ್ದ ಬೇಲಿ ಅಳಿಸೋದು ಮೋಸ. ಎರಡರ ನಡುವೆ ಗೆರೆ ತೆಳುವಾದದ್ದು ಅಂತ ಕೆಲವರು ವಾದ ಮಾಡ್ತಾರೆ. ನನಗೇನೋ ಅದು ಸಾಕಷ್ಟು ದಪ್ಪವಾಗೇ ಕಾಣುತ್ತೆ.

ಕೃಷ್ಣನ್‌ಗೆ ಒಂದು ಅನುಕೂಲ ಇತ್ತು, ಅವರಿಗೆ ಚಿತ್ರ ಬಿಡಿಸಲು ಬರುತ್ತಿತ್ತು. ಕ್ಯಾಮೆರಾಗೆ ಸಿಗದ್ದನ್ನು ಪೆನ್ನಿನಲ್ಲಿ ಬಿಡಿಸಿ, ಬರಹದ ಜೊತೆ ಅಚ್ಚು ಹಾಕಿಸುತ್ತಿದ್ದರು. ಫೋಟೊವನ್ನು ಫೋಟೊ ಆಗಿ, ಚಿತ್ರವನ್ನು ಚಿತ್ರವಾಗಿ ಕೊಟ್ಟಮೇಲೆ ಒಂದನ್ನು ಇನ್ನೊಂದು ಅಂತ ನಂಬಿಸುವ ದರ್ದು ಎಲ್ಲಿಂದ ಬರಬೇಕು?

1968ರಲ್ಲಿ ಜವಾಹರಲಾಲ್ ನೆಹರು ಫೆಲೋಶಿಪ್ ಸಿಕ್ಕಿತು. ದಕ್ಷಿಣ ಭಾರತದ ದೊಡ್ಡ ಪ್ರಾಣಿಗಳ ಸಮೀಕ್ಷೆಗೆ ಕಾಡು ಕಾಡು ಸುತ್ತಿದರು. ಅದರ ಫಲ 1970ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಪ್ರಕಟವಾಯಿತು. ಇಲ್ಲಿ ಅವರ ಫೋಟೊಗಳು ಗೋಡೆಗೆ ಹಾಕುವ ಅಲಂಕಾರ ಅಲ್ಲ, ದಾಖಲೆ. ಯಾವ ಪ್ರಾಣಿ ಯಾವ ಗಿಡದ ಮಧ್ಯೆ, ಯಾವ ನೆಲದ ಮೇಲೆ ನಿಂತಿತ್ತು ಅನ್ನೋದೂ ಸಾಕ್ಷಿ. ಸಸ್ಯಶಾಸ್ತ್ರ ಓದಿದವರಲ್ಲವೇ, ಹೊರದೇಶದ ಗಿಡಗಳನ್ನು ನಮ್ಮ ನೆಲಕ್ಕೆ ತಂದು ತುಂಬೋದನ್ನು ಕಡೇತನಕ ವಿರೋಧಿಸಿದರು. ಆಗ ಕೇಳಿದವರು ಕಡಿಮೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಹೇಗೆ ಹಬ್ಬಿ ಮೇವು ನುಂಗಿದೆ ಅಂತ ಯಳಂದೂರಿನ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಹಳೇ ಫೋಟೊದಲ್ಲಿ ಪ್ರಾಣಿಯ ಹಿಂದಿನ ಗಿಡವನ್ನು ಯಾರಾದರೂ ‘ಚೆಂದ’ ಮಾಡಲು ಅಳಿಸಿದ್ದರೆ, ಆ ಕಾಡು ಹಿಂದೆ ಹೇಗಿತ್ತು ಅಂತ ತಿಳಿಯಲು ನಮಗೆ ಉಳಿಯೋದೇನು?

1970ರಲ್ಲಿ ಪದ್ಮಶ್ರೀ ಬಂತು. ಭಾರತೀಯ ವನ್ಯಜೀವಿ ಮಂಡಳಿಯಲ್ಲಿದ್ದರು. 1972ರಲ್ಲಿ ವನ್ಯಜೀವಿ ಕಾಯ್ದೆ, 1973ರಲ್ಲಿ ಹುಲಿ ಯೋಜನೆ. ನಮ್ಮ ಜಿಲ್ಲೆಯ ಬಂಡೀಪುರ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಒಂದಾಯಿತು. ಬಿಆರ್‌ಟಿ ಆ ಪಟ್ಟಿಗೆ ಸೇರಿದ್ದು 2011ರಲ್ಲಿ, ಮಲೆ ಮಹದೇಶ್ವರ ವನ್ಯಧಾಮ ಆದದ್ದು 2013ರಲ್ಲಿ. ಅದನ್ನೆಲ್ಲ ನೋಡಲು ಅವರು ಇರಲಿಲ್ಲ.

ಇನ್ನೊಂದನ್ನೂ ಅವರು ನೋಡಲಿಲ್ಲ. ಕೊಳ್ಳೇಗಾಲ, ಹನೂರಿನ ಅಂಗಡಿ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಒಂದು ಹುಲಿ ಇದೆ. ಮಾದಪ್ಪ ಸವಾರಿ ಮಾಡುವ ಹುಲಿ. ಅದಕ್ಕೆ ದಿನಾ ಬೆಳಿಗ್ಗೆ ಊದುಗಡ್ಡಿ ಹಚ್ಚುತ್ತೇವೆ. ಅದೇ ಮಾದಪ್ಪನ ಬೆಟ್ಟದ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳ ಹೆಣ ಸಿಕ್ಕವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬಿದ್ದಿತ್ತು. ಹಸು ಕಳಕೊಂಡ ಮನೆಯ ಸಂಕಟ ಸಣ್ಣದಲ್ಲ, ಕಾಡಂಚಿನ ಊರಲ್ಲಿ ಒಂದು ಹಸು ಅಂದರೆ ಒಂದು ವರ್ಷದ ಸಂಸಾರ. ಪರಿಹಾರದ ಕಾಗದ ಹಿಡಿದು ಅಲೆಯೋದು ಏನು ಅಂತಲೂ ನಮಗೆ ಗೊತ್ತು. ಆದರೂ ಒಂದು ಮಾತು ಚುಚ್ಚುತ್ತೆ: ಆ ಐದು ಹುಲಿಗಳನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ನೋಡಿದ್ದೇ ಸತ್ತು ಬಿದ್ದ ಫೋಟೊದಲ್ಲಿ. ಬದುಕಿದ್ದಾಗ ತಾಯಿ ಮರಿಗಳನ್ನು ಕರಕೊಂಡು ಯಾವ ಹಳ್ಳ ದಾಟುತ್ತಿತ್ತು, ಎಲ್ಲಿ ಮಲಗುತ್ತಿತ್ತು ಅನ್ನೋದರ ಚಿತ್ರ ಯಾರ ಮನಸ್ಸಿನಲ್ಲೂ ಇರಲಿಲ್ಲ. ಕೃಷ್ಣನ್‌ರಂಥವರು ದಿನಗಟ್ಟಲೆ ಕಾದು ತೆಗೆಯುತ್ತಿದ್ದುದು ಅಂಥ ಚಿತ್ರಗಳನ್ನ.

ಸಂಡೂರಿನಲ್ಲಿ ಅವರು ಬಿಟ್ಟುಹೋದದ್ದೂ ಇದೆ. ಅರಮನೆಯ ಹುಡುಗ ಎಂ.ವೈ. ಘೋರ್ಪಡೆ ಮುಂದೆ ರಾಜ್ಯದ ಹಣಕಾಸು ಮಂತ್ರಿಯಾದರು, ಅದರ ಜೊತೆಗೇ ಕಪ್ಪು–ಬಿಳುಪಿನ ಹೆಸರಾಂತ ವನ್ಯಜೀವಿ ಫೋಟೊಗ್ರಾಫರ್ ಕೂಡ ಆದರು. ಬಜೆಟ್ ಓದಿದ ಕೈಯೇ ಆನೆಯ ಚಿತ್ರವನ್ನೂ ತೆಗೆಯಿತು.

ಕೃಷ್ಣನ್ ತೀರಿಕೊಂಡದ್ದು 1996ರ ಫೆಬ್ರವರಿ 18ರಂದು, ಭಾನುವಾರ. ಆವತ್ತಿನ ‘ಸ್ಟೇಟ್ಸ್‌ಮನ್’ನಲ್ಲೂ ಅವರ ಅಂಕಣ ಇತ್ತು. 2006ರಲ್ಲಿ ಅವರ ಫೋಟೊ, ಬರಹಗಳನ್ನು ಒಟ್ಟುಗೂಡಿಸಿದ ದೊಡ್ಡ ಪುಸ್ತಕ ಬಂತು. ಅದಕ್ಕೆ ಕೈಜೋಡಿಸಿದವರಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಕೂಡ ಒಬ್ಬರು, ಅವರೂ ಕಾಡಿನ ಫೋಟೊಗೆ ಜೀವ ತೇಯ್ದವರು. ಪುಸ್ತಕ ಇಂಗ್ಲಿಷಿನದು, ಆದರೆ ಫೋಟೊ ನೋಡಲು ಯಾವ ಭಾಷೆ ಬೇಕು?