ಎರಡು ಸಲ ಎಲೆ ಕೆಳಗಿಟ್ಟ ಸರ್ ಎಂವಿ

ವೈಯಾಲಿಕಾವಲ್‌ನ ನಮ್ಮ ಮಹಡಿ ಮೇಲೆ ಗೆಳೆಯರೆಲ್ಲ ಕಡಲೆಬೀಜ ಪಣಕ್ಕಿಟ್ಟು ಪೋಕರ್ ಆಡ್ತೀವಿ. ಕೆಟ್ಟ ಎಲೆ ಬಂದರೆ ಪ್ಯಾಕ್ ಮಾಡೋದು ಯಾರಿಗೂ ಕಷ್ಟ ಅಲ್ಲ. ಮೊದಲ ಎರಡು ಎಲೆಯೂ ರಾಜನೇ ಬಂದಾಗ ನೋಡಿ! ಮೇಜಿನ ಮೇಲೆ ಎಕ್ಕ ಬಿದ್ದು, ಎದುರಿನವನು ಪಣ ಏರಿಸುತ್ತಲೇ ಹೋದರೂ ಬಿಡೋಕೆ ಮನಸ್ಸು ಬರಲ್ಲ. ಎಲೆ ಕಂಡ ಕ್ಷಣವೇ ಗೆದ್ದಾಗಿದೆ ಅನ್ನಿಸಿರುತ್ತೆ. ಆಮೇಲೆ ಬಿಡೋದೆಂದರೆ ಸ್ವಂತದ್ದನ್ನು ಕಳೆದುಕೊಂಡ ಹಾಗೆ.

ಅಂಥ ಎಲೆಯನ್ನು ಎರಡು ಸಲ ಕೆಳಗಿಟ್ಟವರು ಸರ್ ಎಂ. ವಿಶ್ವೇಶ್ವರಯ್ಯ. (ಇಸ್ಪೀಟಿನ ಮಾತಿಗೆ ಅವರನ್ನು ಎಳೆದು ತಂದೆ ಅಂತ ನನಗೆ ಇಂಜಿನಿಯರಿಂಗ್ ಕಲಿಸಿದ ಮೇಷ್ಟ್ರುಗಳು ಬೈಯಬಹುದು.)

1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು ಸಕ್ಕರ್‌ಗೆ ನೀರು ತಂದರು, ಖಡಕ್‌ವಾಸ್ಲಾ ಅಣೆಕಟ್ಟಿಗೆ ಸ್ವಯಂಚಾಲಿತ ಗೇಟು ರೂಪಿಸಿದರು. ಬಡ್ತಿಯೂ ಬಂತು. ಆದರೆ ತುತ್ತತುದಿಯ ಕುರ್ಚಿ ಬ್ರಿಟಿಷರ ಪಾಲು. 1908ರಲ್ಲಿ, ಐವತ್ತು ತುಂಬುವ ಮುಂಚೆಯೇ, ಕೆಲಸ ಬಿಟ್ಟರು. ಮರುವರ್ಷ ಮೈಸೂರು ಅವರನ್ನು ಕರೆದು ಚೀಫ್ ಇಂಜಿನಿಯರ್ ಮಾಡಿತು: ನಮ್ಮ ಪಕ್ಕದ ಕೆರೆಗೆ ಹೆಸರು ಕೊಟ್ಟ ಸ್ಯಾಂಕಿ ಒಂದು ಕಾಲದಲ್ಲಿ ಕೂತಿದ್ದ ಜಾಗ. 1912ಕ್ಕೆ ದಿವಾನರು.

1918ರ ಹೊತ್ತಿಗೆ ಅವರ ಕೈಯಲ್ಲಿ ಏನಿರಲಿಲ್ಲ? ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದವು, ಕನ್ನಂಬಾಡಿ ಕಟ್ಟೆ ಏಳುತ್ತಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಉಳಿದವರಿಗೆ ಪಾಲು ಸಿಗೋದು ಹೇಗೆ ಅನ್ನೋದು ಪ್ರಶ್ನೆ. ಎಂವಿ ಒಪ್ಪಲಿಲ್ಲ. ಹೀಗೆ ಮಾಡಿದರೆ ಆಡಳಿತದ ದಕ್ಷತೆ ಕೆಡುತ್ತೆ, ಮೊದಲು ಶಿಕ್ಷಣ ಹರಡಲಿ ಅನ್ನೋದು ಅವರ ನಿಲುವು. ವರ್ಷದ ಕೊನೆಗೆ ದಿವಾನಗಿರಿಯಿಂದ ಇಳಿದರು.

ಕುರ್ಚಿಗೆ ಅಂಟಿಕೊಂಡವರನ್ನೇ ನೋಡಿ ಬೆಳೆದ ನಮಗೆ ಇದನ್ನು ತತ್ವನಿಷ್ಠೆ ಅಂತ ಹೊಗಳೋದು ಸುಲಭ. ಆದರೆ ನನಗೆ ಆ ಎರಡು ನಿರ್ಗಮನಗಳು ಒಂದೇ ಅಲ್ಲ. ಬಾಂಬೆಯಲ್ಲಿ ಅವರ ಲೆಕ್ಕ ಸರಿ ಇತ್ತು: ಆಟದ ನಿಯಮವೇ ತಮಗೆ ಎದುರಾಗಿರುವಾಗ ಎಲೆ ಎಷ್ಟು ಚೆನ್ನಾಗಿದ್ದರೇನು? ಮೈಸೂರಿನಲ್ಲಿ ಅದೇ ಮಾತು ಹೇಳುತ್ತಿದ್ದವರು ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು. ಬಣ್ಣ ಅಡ್ಡ ಬಂದಾಗ ಕಂಡದ್ದು, ಜಾತಿ ಅಡ್ಡ ಬಂದವರ ವಿಷಯದಲ್ಲಿ ಅವರಿಗೆ ಕಾಣಲಿಲ್ಲ.

1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ. ಎಂವಿ 1923ರಲ್ಲಿ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಚುಕ್ಕಾಣಿ ಹಿಡಿಯಲು ಮರಳಿದರು. 1962ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮೀಸಲಾತಿ ಸಂವಿಧಾನದಲ್ಲೇ ಇತ್ತು.