ಮೇರಿ ಕ್ಯೂರಿಯ ಕೊನೆಯ ವ್ಯಾಧಿ

ರಕ್ತಹೀನತೆ ಎಂಬ ಒಂದೇ ಮಾತಿನಿಂದ ನಾವು ಹಲವು ವ್ಯಾಧಿಗಳನ್ನು ಕರೆಯುತ್ತೇವೆ. ಆ ಮಾತು ಕಿವಿಗೆ ಬಿದ್ದೊಡನೆ ಸೊಪ್ಪು, ಬೆಲ್ಲ, ಕಬ್ಬಿಣದ ಔಷಧಗಳು ನೆನಪಾಗುತ್ತವೆ. ಭಾಷೆಯನ್ನು ಬೋಧಿಸುವ ನನಗೆ ಈ ಮಾತಿನ ನಿಜವಾದ ವ್ಯಾಪ್ತಿಯನ್ನು ತಿಳಿಸಿಕೊಟ್ಟದ್ದು ಮೇರಿ ಕ್ಯೂರಿಯ ಜೀವನಚರಿತ್ರೆ.

1867ರಲ್ಲಿ ವಾರ್ಸಾ ನಗರದಲ್ಲಿ ಜನಿಸಿದ ಆಕೆ 1891ರಲ್ಲಿ ವಿದ್ಯೆಯನ್ನರಸಿ ಪ್ಯಾರಿಸಿಗೆ ಬಂದಳು. 1895ರಲ್ಲಿ ಪಿಯರ್ ಕ್ಯೂರಿಯ ಕೈಹಿಡಿದಳು. 1898ರಲ್ಲಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂಗಳ ಇರವನ್ನು ಲೋಕಕ್ಕೆ ಸಾರಿದರು. ಮಳೆ ಸೋರುವ ಕೊಟ್ಟಿಗೆಯೊಂದರಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಸೋಸಿ, 1902ರ ವೇಳೆಗೆ ಆಕೆ ಪಡೆದದ್ದು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ರೇಡಿಯಂ ಲವಣ. 1903ರಲ್ಲಿ ಭೌತವಿಜ್ಞಾನಕ್ಕೆ, 1911ರಲ್ಲಿ ರಸಾಯನವಿಜ್ಞಾನಕ್ಕೆ ನೊಬೆಲ್ ಬಹುಮಾನಗಳು ಬಂದವು. ನಡುವೆ, 1906ರಲ್ಲಿ, ಪತಿಯು ಕುದುರೆಗಾಡಿಗೆ ಸಿಕ್ಕಿ ಮಡಿದನು. ಮೊದಲನೆಯ ಮಹಾಯುದ್ಧದಲ್ಲಿ ಆಕೆ ಎಕ್ಸ್‌ರೇ ಯಂತ್ರಗಳನ್ನು ಮೋಟಾರುಗಳಲ್ಲಿ ಹೂಡಿಸಿ ರಣಾಂಗಣದ ಆಸ್ಪತ್ರೆಗಳಿಗೆ ತಾನೇ ಕೊಂಡೊಯ್ದಳು.

1934ರಲ್ಲಿ ಜ್ವರ, ನಿಶ್ಶಕ್ತಿಗಳು ಆಕೆಯನ್ನು ಹಾಸಿಗೆ ಹಿಡಿಸಿದವು. ಕ್ಷಯವೆಂದು ಶಂಕಿಸಿ ಆಲ್ಪ್ಸ್ ಬೆಟ್ಟಗಳ ಆರೋಗ್ಯಧಾಮವೊಂದಕ್ಕೆ ಸಾಗಿಸಿದರು. ಶ್ವಾಸಕೋಶದಲ್ಲಿ ಕ್ಷಯದ ಗುರುತು ಕಾಣಲಿಲ್ಲ. ರಕ್ತವನ್ನು ಪರೀಕ್ಷಿಸಿದಾಗ ಕೆಂಪು ಕಣಗಳೂ ಬಿಳಿಯ ಕಣಗಳೂ ಒಟ್ಟಿಗೆ ಕುಸಿಯುತ್ತಿದ್ದುವು. ಜುಲೈ 4ರಂದು ಆಕೆ ತೀರಿಕೊಂಡಳು. ಮೂಳೆಯ ಮಜ್ಜೆಯೇ ಬತ್ತಿಹೋಗಿತ್ತು.

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಕಬ್ಬಿಣದ ಕೊರತೆ ಬಲಿತಾಗ ಕೆಂಪು ಕಣಗಳು ಕಿರಿದಾಗುತ್ತವೆ. ಬಿ12 ಜೀವಸತ್ವದ ಕೊರತೆಯಲ್ಲಿ ಹಿರಿದಾಗುತ್ತವೆ. ಮಜ್ಜೆ ಬತ್ತಿದಾಗಲಾದರೋ ಕಣಗಳ ಗಾತ್ರ ಸಾಮಾನ್ಯವಾಗಿ ಸಹಜವಾಗಿಯೇ ಉಳಿದು, ಸಂಖ್ಯೆ ಮಾತ್ರ ಕ್ಷೀಣಿಸುತ್ತದೆ. ಹಠಾತ್ತಾದ ರಕ್ತಸ್ರಾವ, ಮೂತ್ರಪಿಂಡಗಳ ರೋಗ, ದೀರ್ಘಕಾಲದ ಉರಿಯೂತ, ಕಣಗಳು ಅಕಾಲದಲ್ಲಿ ಒಡೆಯುವುದು — ಇವುಗಳಲ್ಲಿಯೂ ಗಾತ್ರ ಕೆಡದಿರಬಹುದು. ಆದುದರಿಂದ ವೈದ್ಯರು ಎಳೆಯ ಕೆಂಪು ಕಣಗಳನ್ನು ಎಣಿಸುತ್ತಾರೆ. ಅವು ಹೆಚ್ಚಿದ್ದರೆ ಮಜ್ಜೆ ದುಡಿಯುತ್ತಿದೆ, ರಕ್ತ ಬೇರೆಲ್ಲೋ ನಷ್ಟವಾಗುತ್ತಿದೆ ಎಂದು ಅರ್ಥ. ಕಡಮೆಯಿದ್ದರೆ ಉತ್ಪತ್ತಿಯಲ್ಲಿಯೇ ಊನ. ಆಗ ಮೂತ್ರಪಿಂಡಗಳನ್ನು ಪರೀಕ್ಷಿಸಬೇಕು, ಉರಿಯೂತವನ್ನು ಹುಡುಕಬೇಕು. ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಜೊತೆಗೆ ಇಳಿದಿದ್ದರೆ ಮಜ್ಜೆಯ ತುಣುಕನ್ನೇ ತೆಗೆದು ನೋಡಬೇಕಾಗುತ್ತದೆ. ಎಲ್ಲಕ್ಕೂ ಕಬ್ಬಿಣವೊಂದೇ ಮದ್ದೆಂದು ನಂಬಿ ಕುಳಿತರೆ ಕಾಲ ಕೈತಪ್ಪುತ್ತದೆ.

1995ರಲ್ಲಿ ಆಕೆಯ ಅವಶೇಷವನ್ನು ಪ್ಯಾರಿಸಿನ ಪ್ಯಾಂಥಿಯನ್ ಸ್ಮಾರಕಕ್ಕೆ ತಂದರು. ಆಗ ಶವಪೆಟ್ಟಿಗೆಯನ್ನು ಪರೀಕ್ಷಿಸಿದ ತಜ್ಞರಿಗೆ ಕಂಡ ವಿಕಿರಣ ಅತ್ಯಲ್ಪ. ಆಕೆಯ ಮಜ್ಜೆಯನ್ನು ಸುಟ್ಟದ್ದು ರೇಡಿಯಂಗಿಂತ ಹೆಚ್ಚಾಗಿ ಯುದ್ಧಕಾಲದ ಎಕ್ಸ್‌ರೇ ಕಿರಣಗಳೇ ಇರಬೇಕೆಂದು ಅವರು ತರ್ಕಿಸಿದರು. ಗಾಯಾಳುಗಳ ಮೈಯಲ್ಲಿ ಹುದುಗಿದ ಗುಂಡನ್ನು ತೋರಿಸಿ ಪ್ರಾಣವುಳಿಸಿದ ಬೆಳಕು ಆಕೆಯ ರಕ್ತದ ಬುಗ್ಗೆಯನ್ನು ಮೆಲ್ಲನೆ ಬತ್ತಿಸಿತು.